ಹಾಬರ್ಟ್‌ನ ಹೊಗೆಮನೆಗೆ ಬಂದ ವರ್ಲನ್

ಹಾಬರ್ಟ್ ಲೆಡ್‌ಬೆಟರ್ ಸತ್ತದ್ದು ಮಾರ್ಚ್ ತಿಂಗಳಲ್ಲಿ. ಓಕ್ ಮರ ಕಡಿಯುತ್ತಿದ್ದಾಗ ಅದು ಬುಡದಲ್ಲಿ ತಿರುಚಿಕೊಂಡು ಅವನ ಮೇಲೇ ಬಿತ್ತು. ಆ ಚಳಿಗಾಲದಲ್ಲಿ ಅವನು ಕೊಯ್ದ ಹಂದಿಗಳ ತೊಡೆಗಳು ಅಷ್ಟು ಹೊತ್ತಿಗೆ ಉಪ್ಪು ಕುಡಿದು, ಹೊಗೆ ಹಿಡಿದು, ಬಟ್ಟೆ ಚೀಲ ಸೇರಿ ಹೊಗೆಮನೆಯ ತೊಲೆಗಳಲ್ಲಿ ತೂಗುತ್ತಿದ್ದವು. ಹಾಗಾಗಿ ಅವನನ್ನು ಚರ್ಚಿನ ಹಿಂದಿನ ಗುಡ್ಡದಲ್ಲಿ ಮಣ್ಣು ಮಾಡಿ ಬಂದ ಮೇಲೂ ಅವನ ಕೈಯಡುಗೆ ಊರವರ ಬಾಯಲ್ಲಿ ಇನ್ನೂ ಬಹಳ ಕಾಲ ಇತ್ತು. ನಮ್ಮ ಪಾಪ್ಲರ್ ಲಿಕ್ ಕಣಿವೆಯಲ್ಲಿ ಎಲ್ಲರ ಮನೆಯಲ್ಲೂ ಹಂದಿ ತೊಡೆಯನ್ನು ಹೀಗೆ ಹ್ಯಾಮ್ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಆದರೆ ಮದುವೆಯಾಗಲಿ, ತಿಥಿಯ ಊಟವಾಗಲಿ, ಕೈ ಮೊದಲು ಹೋಗುತ್ತಿದ್ದದ್ದು ಹಾಬರ್ಟ್‌ನ ತಟ್ಟೆಯ ಕಡೆಗೆ. ಅದರಲ್ಲಿ ಉಪ್ಪು ನಾಲಿಗೆಯನ್ನು ಕಚ್ಚುತ್ತಿರಲಿಲ್ಲ. ಸುಟ್ಟ ಹಿಕರಿ ಕಟ್ಟಿಗೆಯ ವಾಸನೆ ಗಂಟಲಿಗೆ ಇಳಿದ ಮೇಲೆ ಮೆಲ್ಲಗೆ ಮೇಲೆ ಬರುತ್ತಿತ್ತು.

ಅವನ ಹೆಂಡತಿ ಒಲೀಟಾ ಅಂಥ ವಯಸ್ಸಾದವಳೇನಲ್ಲ. ಎರಡು ವರ್ಷ ಕೋಳಿ ಸಾಕಿಕೊಂಡು ಒಬ್ಬಳೇ ಇದ್ದಳು. ಆಮೇಲೆ ನದಿಯಾಚೆಯ ಪೇಟೆಯಿಂದ ಬಂದು ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟ ವರ್ಲನ್ ಪ್ರೂಯಿಟ್‌ನನ್ನು ಮದುವೆಯಾದಳು. ಗಂಡು ಒಳ್ಳೆಯವನೇ. ಉದ್ದ ಕೈ, ಉದ್ದ ಮೂಗು, ಉಗುರಿನೊಳಗೆ ಯಾವಾಗಲೂ ಗ್ರೀಸು. ಮೊದಲ ಮದುವೆಗೇ ನಲವತ್ತಾಗಿತ್ತು. ಅವಳ ಮನೆಗೇ ಬಂದು ಸೇರಿದ, ಅಂಗಡಿಯನ್ನೂ ಅವಳ ಅಂಗಳಕ್ಕೇ ತಂದ. ಅವನ ಬೇಲಿಗೂ ನನ್ನ ಬೇಲಿಗೂ ಒಂದೇ ತಂತಿ, ಹಾಗಾಗಿ ಅವನ ಸುಖದುಃಖವೆಲ್ಲ ನನ್ನ ಕಿವಿಗೇ ಬಂದು ಬೀಳುತ್ತಿತ್ತು.

ಮದುವೆಯ ಮಾರನೆ ಬೆಳಿಗ್ಗೆ ಒಲೀಟಾ ತಿಂಡಿಗೆ ಹ್ಯಾಮ್ ಹುರಿದು, ಬಾಣಲಿಯಲ್ಲಿ ಉಳಿದ ಕೊಬ್ಬಿಗೆ ಕರಿಕಾಫಿ ಸುರಿದು ಕೆಂಪು ಗೊಜ್ಜು ಮಾಡಿ ಮುಂದಿಟ್ಟಳಂತೆ. ವರ್ಲನ್ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದ. ಹುಟ್ಟಿದಾಗಿನಿಂದ ಪೇಟೆಯ ಡಬ್ಬಿ ಮಾಂಸ ತಿಂದವನು.

"ಅಬ್ಬಾ! ಇದನ್ನ ಎಲ್ಲಿಂದ ತಂದೆ?"

"ತರೋದೇನು, ನಮ್ಮ ಹೊಗೆಮನೇದು."

"ಯಾರು ಮಾಡಿದ್ದು?"

ಒಲೀಟಾ ಕಾಫಿ ಬಗ್ಗಿಸುತ್ತಾ, ಹವಾ ಹೇಗಿದೆ ಅಂತ ಹೇಳುವವಳ ಹಾಗೆ, "ಹಾಬರ್ಟ್" ಅಂದಳು.

"ಉಗಿಯೋ ಹಾಗಿಲ್ಲ, ನುಂಗೋ ಹಾಗಿಲ್ಲ ಕಣೋ ಆಲ್ಟನ್," ಅಂತ ವರ್ಲನ್ ಆಮೇಲೆ ಬೇಲಿಯ ಹತ್ತಿರ ನಿಂತು ನನಗೆ ಹೇಳಿದ. "ಅವಳು ಎದುರಿಗೇ ಕೂತು ನೋಡ್ತಾ ಇದಾಳೆ. ನುಂಗಿದೆ. ಅಷ್ಟಕ್ಕೇ ನಿಂತಿದ್ರೆ ಆಗ್ತಿತ್ತು. ನಾಚಿಕೆಗೆಟ್ಟು ಇನ್ನೊಂದು ತುಂಡು ಹಾಕಿಸ್ಕೊಂಡೆ."

ಅಲ್ಲಿಂದ ಶುರುವಾಯಿತು. ಹಾಬರ್ಟ್‌ನ ಕುರ್ಚಿ, ಹಾಬರ್ಟ್‌ನ ಕೊಡಲಿ, ಅವನು ತೋಡಿಸಿದ ಬಾವಿ, ಇವು ಯಾವುವೂ ವರ್ಲನ್‌ಗೆ ತೊಂದರೆ ಕೊಡಲಿಲ್ಲ. ಅವನ ಅಂಗಿಯನ್ನೇ ತೊಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಆದರೆ ಆ ಹ್ಯಾಮ್ ಮಾತ್ರ ಅವನಿಗೆ ಜೀರ್ಣವಾಗಲಿಲ್ಲ. ತಿಂದಷ್ಟೂ ರುಚಿ, ರುಚಿಯಾದಷ್ಟೂ ಹೊಟ್ಟೆಯುರಿ. ಭಾನುವಾರ ಚರ್ಚಿನ ಊಟಕ್ಕೆ ಒಲೀಟಾ ತಟ್ಟೆ ಹಿಡಿದು ಬಂದರೆ ಜನ ಅವಳನ್ನು ಸುತ್ತುವರಿದು, "ಹಾಬರ್ಟ್‌ದು ಇನ್ನೂ ಉಳಿದಿದೆಯೇನಮ್ಮಾ?" ಅನ್ನುತ್ತಿದ್ದರು. ಮಗ್ಗುಲಲ್ಲಿ ನಿಂತ ವರ್ಲನ್ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಮರಗಳನ್ನು ನೋಡುತ್ತಿದ್ದ. ಬೇಸಿಗೆ ಮುಗಿಯುವಷ್ಟರಲ್ಲಿ ತೊಲೆಯ ಮೇಲೆ ಒಂದೇ ಒಂದು ಉಳಿಯಿತು. ಒಲೀಟಾ ಅದನ್ನು ಇಳಿಸಲಿಲ್ಲ.

"ಯಾಕೆ, ಅದೊಂದನ್ನ ಕೊಯ್ಯಲ್ವಾ?" ಅಂತ ವರ್ಲನ್ ಕೇಳಿದ.

"ಇರಲಿ ಬಿಡು."

"ಎಲ್ಲೀವರೆಗೆ ಇರಲಿ?"

"ಇರಲಿ ಅಂದ್ನಲ್ಲ."

ಆಗಾಗ ಅವಳು ಹೊಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಬರುತ್ತಲೇ ಇರಲಿಲ್ಲ. ಒಳಗೆ ಈರುಳ್ಳಿ ಗೊಂಚಲೂ ಇರುತ್ತಿತ್ತು, ಹಂದಿ ಕೊಬ್ಬಿನ ಡಬ್ಬಗಳೂ ಇರುತ್ತಿದ್ದವು, ಹೆಂಗಸಿಗೆ ಅಲ್ಲಿ ನೂರು ಕೆಲಸ. ಆದರೆ ವರ್ಲನ್ ತನ್ನ ಅಂಗಡಿಯ ಬಾಗಿಲಿನಿಂದ ಆ ಕರಿ ಬಾಗಿಲನ್ನೇ ನೋಡುತ್ತಾ, ಅವಳು ಆ ಚೀಲದ ಕೆಳಗೆ ನಿಂತು ಮೂಸುತ್ತಿದ್ದಾಳೆ ಅಂತ ಲೆಕ್ಕ ಹಾಕಿಕೊಂಡ.

"ಮನುಷ್ಯನಾಗಿದ್ರೆ ಎದುರಿಗೆ ನಿಂತು ಮಾತಾಡಬಹುದಿತ್ತು," ಅನ್ನುತ್ತಿದ್ದ ನನ್ನ ಹತ್ತಿರ. "ತೊಲೆಗೆ ನೇತಾಡೋ ಮಾಂಸದ ಜೊತೆ ಹೇಗೆ ಜಗಳ ಆಡ್ಲಿ?"

"ಆಡಬೇಡ. ನಿಂದೂ ಒಂದು ಮಾಡಿ ಪಕ್ಕಕ್ಕೆ ನೇತುಹಾಕು," ಅಂದೆ ನಾನು. ತಮಾಷೆಗೆ ಅಂದದ್ದು. ಅವನು ಅದನ್ನೇ ಹಿಡಿದುಕೊಂಡ.

ಆ ನವೆಂಬರ್‌ನಲ್ಲಿ ಹಂದಿ ಕೊಯ್ದಾಗ ಒಲೀಟಾ ಉಪ್ಪಿನ ಪೆಟ್ಟಿಗೆಯ ಹತ್ತಿರ ಬಂದು, "ಸಕ್ಕರೆ ಎಷ್ಟು ಅಂತ ನಾನು ಹೇಳ್ತೀನಿ," ಅಂದಳು. "ಬೇಡ," ಅಂದ ವರ್ಲನ್. "ಹಾಬರ್ಟ್ ಹಾಕ್ತಿದ್ದಷ್ಟು ನಂಗೆ ಬೇಡ. ನಂದೇ ಲೆಕ್ಕ." ಅವಳು ಭುಜ ಕುಣಿಸಿ ಒಳಗೆ ಹೋದಳು. ಅವನು ತನಗೆ ತೋಚಿದಂತೆ ಉಪ್ಪು, ಸಕ್ಕರೆ, ಮೆಣಸು ತಿಕ್ಕಿ ಪೆಟ್ಟಿಗೆಯಲ್ಲಿಟ್ಟ. ಮೂಳೆಯ ಸುತ್ತ ಬೆರಳು ತೂರಿಸಿ ಉಪ್ಪು ತುಂಬಬೇಕಾದ ಕಡೆ ಮೇಲೆ ಮೇಲೆ ಸವರಿ ಬಿಟ್ಟ. ಜನವರಿಯಲ್ಲಿ ಮೈ ಬೆವರುವಂಥ ಬಿಸಿಲು ಒಂದು ವಾರ ಹೊಡೆಯಿತು. ತೊಡೆಗೆ ಉದ್ದನೆಯ ಕಬ್ಬಿಣದ ಸೂಜಿ ಚುಚ್ಚಿ ಎಳೆದು ಮೂಸಿದರೆ, ಅಷ್ಟೂ ಮೂಳೆಯ ಹತ್ತಿರ ಹುಳಿತು ಹೋಗಿದ್ದವು. ಕಾಡಂಚಿನಲ್ಲಿ ಗುಂಡಿ ತೋಡಿ ಎಲ್ಲವನ್ನೂ ಹೂಳಿದ.

ಹಾಬರ್ಟ್‌ನ ಅಣ್ಣ ಕ್ಲೀಟಸ್ ದನದ ಮೇವಿನ ಅಂಗಡಿಯ ಜಗಲಿಯಲ್ಲಿ ಯಾವಾಗಲೂ ಕೂತಿರುತ್ತಿದ್ದ. ತಮ್ಮನದೇ ಮುಖ, ತಮ್ಮನದೇ ದನಿ, ಬಾಯಿ ಮಾತ್ರ ತಮ್ಮನಿಗಿಂತ ದೊಡ್ಡದು.

"ಏನಯ್ಯಾ ವರ್ಲನ್, ಹಂದಿಗಳಿಗೆ ಕ್ರೈಸ್ತ ಶವಸಂಸ್ಕಾರ ಮಾಡಿಸಿದೆಯಂತೆ? ಪಾದ್ರಿಯನ್ನ ಕರೆದಿದ್ಯಾ?" ಅಂತ ಕೇಳಿದ. ಜಗಲಿಯೆಲ್ಲ ನಕ್ಕಿತು.

"ಮುಂದಿನ ವರ್ಷ ನೋಡ್ಕೋ," ಅಂದ ವರ್ಲನ್. ಕಿವಿ ಕೆಂಪಗಾಗಿತ್ತು.

ಮುಂದಿನ ವರ್ಷ ಅವನು ಬೆಟ್ಟದಾಚೆ ಒಬ್ಬ ಮುದುಕಿಯ ಹತ್ತಿರ ಹೋಗಿ ಅವಳ ನೀರೆತ್ತುವ ಪಂಪನ್ನು ಪುಕ್ಕಟೆ ರಿಪೇರಿ ಮಾಡಿಕೊಟ್ಟು, ಉಪ್ಪು ತಿಕ್ಕುವುದನ್ನು ಕಲಿತುಬಂದ. ಮೂಳೆ ಹೊರಚಾಚಿದ ತುದಿಗೆ ಹೆಬ್ಬೆರಳಿಂದ ಉಪ್ಪನ್ನು ಒತ್ತಿ ಒತ್ತಿ ತುಂಬಿದ. ಹಸಿ ಹಿಕರಿ ಚಕ್ಕೆಯನ್ನು ಹಳೆ ಕಬ್ಬಿಣದ ಕೊಪ್ಪರಿಗೆಯಲ್ಲಿ ಉರಿಯಗೊಡದೆ ಸುಮ್ಮನೆ ಹೊಗೆಯಾಡಿಸಿದ. ಅಂಗಡಿಗೆ ಟ್ರ್ಯಾಕ್ಟರ್ ತಂದವರು, "ವರ್ಲನ್ ಎಲ್ಲಿ?" ಅಂದರೆ ಹೊಗೆಮನೆಯ ಸಂದಿಗಳಿಂದ ನೀಲಿ ಹೊಗೆ ಬರುವುದನ್ನು ತೋರಿಸಿದರೆ ಸಾಕಿತ್ತು. ಅವನ ಹ್ಯಾಮ್‌ಗಳು ತೊಲೆಯ ಒಂದು ಕಡೆ, ಹಾಬರ್ಟ್‌ನ ಒಂಟಿ ಚೀಲ ಇನ್ನೊಂದು ಕಡೆ.

ಬೇಸಿಗೆ ಕಳೆದು ಮೊದಲನೆಯದನ್ನು ಕೊಯ್ದು ಚರ್ಚಿಗೆ ತಂದ. ಚೆನ್ನಾಗಿತ್ತು. ನಾನು ಮೂರು ಸಲ ಹಾಕಿಕೊಂಡೆ. ಆದರೆ ಜನ ಹೇಳಿದ್ದೇನು? "ಪರವಾಗಿಲ್ಲಪ್ಪಾ, ಪೇಟೆಯವನ ಕೈಗೆ ಇಷ್ಟು ಬಂದದ್ದೇ ಹೆಚ್ಚು." ಕ್ಲೀಟಸ್ ಬಾಯಿ ಒರೆಸಿಕೊಂಡು, "ನಮ್ಮ ಹಾಬರ್ಟ್ ಇದ್ದಿದ್ರೆ..." ಅಂತ ಶುರುಮಾಡಿ ಅಲ್ಲಿಗೇ ಬಿಟ್ಟ. ಆ ಬಿಟ್ಟ ಜಾಗವನ್ನು ಎಲ್ಲರೂ ತಲೆಯಾಡಿಸಿ ತುಂಬಿದರು. ಒಲೀಟಾ ಮಾತ್ರ, "ನಂಗೆ ಇಷ್ಟ ಆಯ್ತು ವರ್ಲನ್," ಅಂದಳು. ಅವನಿಗೆ ಅದು ಕೇಳಿಸಲೇ ಇಲ್ಲ. ಕೇಳಿಸಿದ್ದರೂ ನಂಬುತ್ತಿರಲಿಲ್ಲ.

ಮರು ವಸಂತದಲ್ಲಿ ಒಲೀಟಾ ತಂಗಿಯ ಬಾಣಂತನಕ್ಕೆ ಹೋದಳು. ಅವಳ ಬಸ್ಸು ತಿರುವು ದಾಟಿದ್ದೇ ತಡ, ವರ್ಲನ್ ಹೊಗೆಮನೆಗೆ ನುಗ್ಗಿ ಹಾಬರ್ಟ್‌ನ ಚೀಲವನ್ನು ಇಳಿಸಿದ. ಕೊಯ್ದು, ಹುರಿದು, ಪೂರ್ತಿ ತಾನೊಬ್ಬನೇ ತಿಂದು ಅದರ ಕಾಟವನ್ನೇ ಮುಗಿಸಿಬಿಡಬೇಕು ಅಂತ. ಚೀಲ ಬಿಚ್ಚಿದರೆ ಒಂದು ಮಗ್ಗುಲಲ್ಲಿ ಬಟ್ಟೆ ಹರಿದಿತ್ತು, ಅಲ್ಲಿಂದ ನೊಣ ಹೋಗಿತ್ತು. ಚಾಕು ಇಟ್ಟಕೂಡಲೇ ಒಳಗಿಂದ ಸಣ್ಣ ಬಿಳಿ ಹುಳುಗಳು ಟಪ್ ಟಪ್ ಅಂತ ಹಾರಿ ಮೇಜಿನ ಮೇಲೆ ಬಿದ್ದವು. ಮೂಳೆಯವರೆಗೂ ಜೊಳ್ಳು.

"ಆಗ ನಂಗಾದ ಖುಷಿ!" ಅಂದ ನನಗೆ, ಎಷ್ಟೋ ತಿಂಗಳ ಮೇಲೆ. "ಸುಳ್ಳು ಹೇಳಲ್ಲ. ಚರ್ಚಿನ ಗಂಟೆ ಹೊಡೆಯೋಣ ಅನ್ನಿಸ್ತು."

ಅದನ್ನು ಗೋಣಿಯಲ್ಲಿ ಸುತ್ತಿ ಟ್ರಕ್ಕಿಗೆ ಎಸೆದುಕೊಂಡು ನೇರ ಮೇವಿನಂಗಡಿಗೆ ಹೋದ. ಕ್ಲೀಟಸ್‌ನ ಕಾಲ ಬುಡದಲ್ಲಿ ಸುರಿದು, ತಗೋ ನಿನ್ನ ತಮ್ಮನನ್ನ, ಅನ್ನಬೇಕು ಅಂತಿದ್ದ. ಟ್ರಕ್ಕು ನಿಲ್ಲಿಸಿ ಇಂಜಿನ್ ಆರಿಸಿದ. ಕ್ಲೀಟಸ್ ತಾನೇ ಜಗಲಿ ಇಳಿದು ಬಂದು ಕಿಟಕಿಗೆ ಮೊಣಕೈ ಊರಿದ.

"ಏನಯ್ಯಾ ಇದು ವಾಸನೆ?"

ವರ್ಲನ್ ಅವನ ಮುಖ ನೋಡಿದ. ಮನೆಯ ಗೋಡೆಯ ಫೋಟೋದಲ್ಲಿ ದಿನಾ ನೋಡುತ್ತಿದ್ದ ಮುಖವೇ, ಸ್ವಲ್ಪ ಮುದಿಯಾದದ್ದು. ಈಗ ಗೋಣಿ ಬಿಚ್ಚಿದರೆ ಸಂಜೆಯೊಳಗೆ ಕಣಿವೆಯ ಎಲ್ಲ ಅಡುಗೆಮನೆಗಳಲ್ಲೂ ಹಾಬರ್ಟ್‌ನ ಹುಳುಗಳ ಮಾತು. ಒಲೀಟಾ ಬಸ್ಸಿಳಿಯುವ ಮೊದಲೇ ಯಾರಾದರೂ ಅವಳಿಗೆ ಹೇಳುತ್ತಾರೆ, ಅದೂ ನಗುತ್ತಾ.

"ಮುಳ್ಳುಹಂದಿ," ಅಂದ. "ರಸ್ತೇಲಿ ಸತ್ತಿತ್ತು."

"ಸತ್ತ ಮುಳ್ಳುಹಂದೀನ ಟ್ರಕ್ಕಲ್ಲಿ ಹಾಕ್ಕೊಂಡು ಸವಾರಿ ಮಾಡ್ತೀಯಾ? ಅದಕ್ಕೂ ಉಪ್ಪು ಹಚ್ತೀಯೇನೋ!"

ನಗುವಿನ ನಡುವೆ ಟ್ರಕ್ಕು ತಿರುಗಿಸಿಕೊಂಡು ಬಂದ. ಅದನ್ನು ಹೂಳಿದ. ಹರಿದ ಚೀಲವನ್ನು ಒಗೆದು, ತನ್ನ ದೊಡ್ಡ ಕೈಯಿಂದ ಸೂಜಿ ಹಿಡಿದು ಹೊಲಿದು, ಅದರೊಳಗೆ ತನ್ನದೊಂದು ಹ್ಯಾಮ್ ಇಟ್ಟು, ಅದೇ ಮೊಳೆಗೆ ನೇತುಹಾಕಿದ. ಅವಳಿಗೆ ನೋವಾಗಬಾರದು ಅಂತ ಮಾಡಿದನೋ, ಅವಳು ಇನ್ನು ಮೇಲೆ ತನ್ನದನ್ನೇ ಮೂಸಲಿ ಅಂತ ಮಾಡಿದನೋ, ಅವನಿಗೂ ಗೊತ್ತಿರಲಿಲ್ಲ.

ಮೇ ಕೊನೆಯಲ್ಲಿ ಸಮಾಧಿಗಳನ್ನು ಸಿಂಗರಿಸುವ ಭಾನುವಾರ. ಎಲ್ಲರೂ ಗುಡ್ಡ ಹತ್ತಿ ಕಳೆ ಕಿತ್ತು, ಹೂವಿಟ್ಟು, ಅಲ್ಲೇ ಮರದಡಿ ಹಲಗೆ ಹಾಕಿ ಊಟ ಮಾಡುತ್ತೇವೆ. ಅದಕ್ಕೆ ಒಂದೆರಡು ದಿನ ಮುಂಚೆ ಒಲೀಟಾ ಹೇಳಿದಳು:

"ಹಾಬರ್ಟ್‌ದು ಆ ಕೊನೇದನ್ನ ಈ ಸಲ ಗುಡ್ಡಕ್ಕೆ ತಗೊಂಡು ಹೋಗ್ತೀನಿ. ಎಲ್ಲರೂ ಒಟ್ಟಿಗೆ ತಿಂದು ಮುಗಿಸಲಿ."

ಅವಳು ಅದನ್ನು ಇಳಿಸಿ, ತಿಕ್ಕಿ ತೊಳೆದು, ನೆನೆಹಾಕಿ, ಬೇಯಿಸುವವರೆಗೂ ವರ್ಲನ್ ಅಂಗಡಿ ಬಿಟ್ಟು ಬರಲಿಲ್ಲ. ಒಂದು ಕಾರ್ಬ್ಯುರೇಟರನ್ನು ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ.

ಹಾಬರ್ಟ್‌ನ ಸಮಾಧಿ ಕಲ್ಲು ಜೋಡಿ ಕಲ್ಲು. ನಮ್ಮಲ್ಲಿ ಗಂಡ ಹೋದಾಗಲೇ ಹೆಂಡತಿಯ ಹೆಸರನ್ನೂ ಪಕ್ಕದಲ್ಲಿ ಕೆತ್ತಿಸಿ, ಸತ್ತ ತಾರೀಕಿನ ಜಾಗವನ್ನು ಖಾಲಿ ಬಿಡುವುದು ವಾಡಿಕೆ. ಆ ಭಾನುವಾರ ವರ್ಲನ್ ಊಟದ ಹಲಗೆಯ ಮುಂದೆ ಕೂತಾಗ ನೇರ ಎದುರಿಗೆ ಆ ಕಲ್ಲು: ಹಾಬರ್ಟ್ ಲೆಡ್‌ಬೆಟರ್, ಒಲೀಟಾ ಲೆಡ್‌ಬೆಟರ್, ನಡುವೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರ. ತನ್ನ ಹೆಂಡತಿಯ ಹೆಸರು ಇನ್ನೊಬ್ಬನ ಕೈ ಹಿಡಿದು ಬಿಸಿಲಲ್ಲಿ ನಿಂತಿತ್ತು.

ಒಲೀಟಾ ತೆಳ್ಳಗೆ ಕೊಯ್ದ ಹ್ಯಾಮ್‌ನ ತಟ್ಟೆ ಇಟ್ಟು, "ಇದು ಹೊಗೆಮನೆಯ ಆ ಹಳೇ ಚೀಲದ್ದು," ಅಂದಳು. ಅಷ್ಟೇ. ಜನ ಟೊಪ್ಪಿ ತೆಗೆದರು. ಪಾದ್ರಿ ಪ್ರಾರ್ಥನೆ ಹೇಳಿದರು. ಆಮೇಲೆ ತಟ್ಟೆ ಕೈಯಿಂದ ಕೈಗೆ ಹೋಯಿತು.

ಕ್ಲೀಟಸ್‌ನ ಕಣ್ಣಲ್ಲಿ ನೀರು ಬಂತು. "ಇದು ಕಣ್ರೋ!" ಅಂದ. "ಇದು! ಇಷ್ಟು ವರ್ಷ ಆದ್ಮೇಲೂ ನೋಡಿ! ಇಂಥಾದ್ದು ಇನ್ನು ಯಾವನ ಕೈಯಲ್ಲೂ ಆಗಲ್ಲ."

"ಆಗಲ್ಲಪ್ಪಾ," ಅಂದರು ಪಾದ್ರಿ.

"ಹಾಬರ್ಟ್ ತಮ್ಮಾ, ನಿನ್ನ ಕೈಗೆ ಮುತ್ತು ಕೊಡಬೇಕು," ಅಂತ ಕ್ಲೀಟಸ್ ಕಲ್ಲಿನ ಕಡೆ ತಿರುಗಿ ತುಂಡನ್ನು ಎತ್ತಿ ತೋರಿಸಿದ. ಆಮೇಲೆ ವರ್ಲನ್ ಕಡೆ ತಿರುಗಿದ. "ತಿನ್ನಯ್ಯಾ, ತಿಂದು ಕಲಿ. ಹ್ಯಾಮ್ ಅಂದ್ರೆ ಏನು ಅಂತ ಈಗಲಾದ್ರೂ ಗೊತ್ತಾಗಲಿ."

ವರ್ಲನ್ ಎದ್ದು ನಿಂತ. ಹಲಗೆ ಅಲುಗಾಡಿ ನಿಂಬೆ ಷರಬತ್ತಿನ ಜಾಡಿ ಉರುಳಿತು.

"ಅದು ನಂದು!" ಅಂತ ಕೂಗಿದ. "ಅವನದ್ದು ಹುಳ ಬಿದ್ದು ಹೋಯ್ತು! ನಾನೇ ಹೂಳಿದೆ! ನೀವೆಲ್ಲ ತಿಂತಿರೋದು ನಂದು, ನಾನು ಮಾಡಿದ್ದು, ಈ ಕೈಯಲ್ಲಿ!"

ಗುಡ್ಡದ ಮೇಲೆ ಮಕ್ಕಳು ಕೂಡ ಓಡುವುದು ನಿಲ್ಲಿಸಿದರು. ಒಬ್ಬರೂ ನಂಬಲಿಲ್ಲ. ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ನನಗೂ ನಂಬಿಕೆ ಬರಲಿಲ್ಲ. ಕ್ಲೀಟಸ್ ಮೆಲ್ಲಗೆ, ಮೊದಲ ಸಲ ತಮಾಷೆಯಿಲ್ಲದೆ, "ಕೂತ್ಕೋ ವರ್ಲನ್," ಅಂದ. "ಅವನು ಸತ್ತಿದಾನೆ. ಅವನ ಗೋರಿ ಮುಂದೆ ನಿಂತು ಅವನು ಮಾಡಿದ್ದನ್ನೂ ಕಿತ್ಕೋಬೇಕಾ ನಿಂಗೆ?"

ಆಗ ಒಲೀಟಾ ಬಾಯಿ ಬಿಟ್ಟಳು.

"ಅವನು ಹೇಳಿದ್ದು ನಿಜ ಕ್ಲೀಟಸ್. ವರ್ಲನ್ ಮಾಡಿದ್ದೇ ಇದು."

ಅಷ್ಟು ಹೇಳಿ, ಬಿದ್ದ ಜಾಡಿಯನ್ನು ಎತ್ತಿ ನಿಲ್ಲಿಸಿದಳು. ಕ್ಲೀಟಸ್ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಇಟ್ಟುಬಿಟ್ಟ. ಗಂಡನ ಮಾನ ಉಳಿಸಲು ಹೇಳುತ್ತಿದ್ದಾಳೆ ಅಂತ ಅರ್ಧ ಜನ ತಿಳಿದುಕೊಂಡರು. ಉಳಿದರ್ಧ ಜನ ನಂಬಿದರೂ, ಗೋರಿಯ ಮುಂದೆ ಕೂಗಾಡಿದವನನ್ನು ಹೊಗಳುವ ಮನಸ್ಸು ಅವರಿಗಿರಲಿಲ್ಲ. ಎಲ್ಲರೂ ಬೇಗ ಬೇಗ ಬುಟ್ಟಿ ಕಟ್ಟಿಕೊಂಡು ಇಳಿದರು.

ಮನೆಗೆ ಹೋಗುವ ದಾರಿಯಲ್ಲಿ ಟ್ರಕ್ಕಿನಲ್ಲಿ ನಡೆದ ಮಾತನ್ನು ವರ್ಲನ್ ನನಗೆ ಒಂದಕ್ಷರ ಬಿಡದೆ ಹೇಳಿದ್ದಾನೆ.

"ನಿಂಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದ.

"ತೊಳೆಯೋವಾಗಲೇ ಗೊತ್ತಾಯ್ತು. ಮೂಳೆ ತುದೀನ ನೀನು ಗರಗಸದಲ್ಲಿ ಕೊಯ್ದಿದ್ದೆ. ಹಾಬರ್ಟ್ ಕೊಡಲಿಯಲ್ಲಿ ಕಡೀತಿದ್ದ."

"ಗೊತ್ತಿದ್ದೂ ತಂದ್ಯಾ? ಹಳೇ ಚೀಲದ್ದು ಅಂತ ಹೇಳಿ ಬಡಿಸಿದ್ಯಾ?"

"ಚೀಲ ಹಳೇದೇ ಅಲ್ವಾ?" ಅಂದಳು. ಆಮೇಲೆ ಅವಳ ದನಿ ಏರಿತು. "ನಿನ್ನ ಹೆಸರು ಹೇಳಿ ಬಡಿಸಿದ್ರೆ ಅವರ ನಾಲಿಗೆ ಪರವಾಗಿಲ್ಲ ಅನ್ನೋದು ಬಿಟ್ಟು ಬೇರೆ ಹೇಳ್ತಿರಲಿಲ್ಲ. ಹಾಬರ್ಟ್‌ದು ಅಂದ್ಕೊಂಡೇ ತಿನ್ನಲಿ, ಮನಸಾರೆ ಹೊಗಳಲಿ, ತಟ್ಟೆ ಖಾಲಿಯಾಗಲಿ, ಆಮೇಲೆ ಎಲ್ಲರ ಮುಂದೆ ಎದ್ದು ನಿಂತು ಹೇಳೋಣ ಅಂತಿದ್ದೆ. ಕ್ಲೀಟಸ್‌ನ ಬಾಯಿ ಹೇಗೆ ಮುಚ್ಚುತ್ತೆ ನೋಡಬೇಕು ಅಂತ ಆಸೆಪಟ್ಟಿದ್ದೆ. ಇನ್ನೊಂದು ತುತ್ತು ತಡೀಲಿಲ್ಲವಲ್ಲೋ ನೀನು!"

ವರ್ಲನ್ ಟ್ರಕ್ಕನ್ನು ರಸ್ತೆ ಬದಿಗೆ ನಿಲ್ಲಿಸಿಬಿಟ್ಟ.

"ಮತ್ತೆ ಅದನ್ನ ಅಷ್ಟು ವರ್ಷ ಯಾಕೆ ಇಟ್ಕೊಂಡಿದ್ದೆ?" ಅಂತ ಕೇಳಿದ.

"ಗೊತ್ತಿಲ್ಲ ವರ್ಲನ್. ಕೊಯ್ದ್ರೆ ಎರಡು ವಾರದ ತಿಂಡಿಗೆ ಮುಗಿದು ಹೋಗ್ತಿತ್ತು. ಅವನ ಜೊತೆ ಬಾಳಿದ್ದು ಎರಡು ವಾರದ ತಿಂಡಿಗೆ ಮುಗಿಯೋದು ನಂಗೆ ಬೇಡವಾಗಿತ್ತು. ಅದಕ್ಕೂ ನಿಂಗೂ ಏನು ಸಂಬಂಧ?"

ಮನೆ ಮುಟ್ಟಿದ ಮೇಲೆ ಹೂಳಿದ ಜಾಗ ತೋರಿಸು ಅಂದಳು, ತೋರಿಸಿದ. ಅಲ್ಲಿ ನಿಂತು ಸ್ವಲ್ಪ ಅತ್ತಳು. ಅವನು ದೂರ ನಿಂತಿದ್ದ, ಕರೆಯಲಿಲ್ಲ. ಆ ಅಳುವನ್ನು ನೋಡುವಾಗಲೂ ಹೊಟ್ಟೆಯಲ್ಲಿ ಉರಿಯುತ್ತಿತ್ತು ಅಂತ ಅವನೇ ಒಪ್ಪಿಕೊಂಡಿದ್ದಾನೆ. ಆದರೆ ಅವತ್ತಿನಿಂದ ಅವಳು ಹೊಗೆಮನೆಗೆ ಹೋಗಿ ತಡಮಾಡಿದರೆ ಬಾಗಿಲು ಕಾಯುವುದನ್ನು ಬಿಟ್ಟ. ಆ ಚಳಿಗಾಲ ಉಪ್ಪಿನ ಪೆಟ್ಟಿಗೆಯ ಆಚೆ ಬದಿಗೆ ಅವಳು ನಿಂತು ಸಕ್ಕರೆ ಎಷ್ಟು ಅಂತ ಹೇಳಿದಳು, ಈಚೆ ಬದಿಗೆ ನಿಂತು ಇವನು ಗೊಣಗುತ್ತಾ ಹಾಕಿದ.

ಊರವರು ಅವನನ್ನು ಕ್ಷಮಿಸಲು ಕೆಲವು ವರ್ಷ ಹಿಡಿಯಿತು. ಕ್ಲೀಟಸ್‌ಗೆ ಇನ್ನೂ ಹೆಚ್ಚು. ಅಷ್ಟರಲ್ಲಿ ಕ್ಲೀಟಸ್‌ನ ಬೆರಳುಗಳು ವಾತ ಹಿಡಿದು ಮಡಚಿಕೊಂಡವು. ಒಂದು ನವೆಂಬರ್ ಬೆಳಿಗ್ಗೆ ಎರಡು ಹಸಿ ತೊಡೆಗಳನ್ನು ಗಾಡಿಯಲ್ಲಿ ಹಾಕಿಕೊಂಡು ವರ್ಲನ್ ಅಂಗಡಿಯ ಮುಂದೆ ಬಂದು ನಿಂತ. ನಾನು ಅಲ್ಲೇ ಇದ್ದೆ.

"ಉಪ್ಪು ಒತ್ತೋಕೆ ಹೆಬ್ಬೆರಳು ಬಗ್ಗಲ್ಲ," ಅಂದ, ನೆಲ ನೋಡುತ್ತಾ. "ನೀನೇ ಮಾಡಿಕೊಡ್ತೀಯಾ?"

"ಯಾರ ಹಾಗೆ ಮಾಡ್ಲಿ?" ಅಂದ ವರ್ಲನ್. ಬಿಡುವ ಪ್ರಾಣಿಯಲ್ಲ.

ಕ್ಲೀಟಸ್ ದವಡೆ ಆಡಿಸಿದ. "ನೀನು ಮಾಡೋ ಹಾಗೆ ಮಾಡು," ಅಂದ.

ತನ್ನವುಗಳ ಜೊತೆಗೇ ಅವೆರಡಕ್ಕೂ ಉಪ್ಪು ತಿಕ್ಕಿ, ಒಂದೇ ಹೊಗೆಗೆ ಕಟ್ಟಿ, ಮರುವರ್ಷ ಇಳಿಸಿ ಕೊಟ್ಟ. ಕ್ಲೀಟಸ್ ನಮ್ಮನ್ನೆಲ್ಲ ಕರೆದು ಊಟ ಹಾಕಿದ. ನಿಜ ಹೇಳಬೇಕೆಂದರೆ ಅದು ವರ್ಲನ್ ಮನೆಯಲ್ಲಿ ಆ ವರ್ಷ ತಿಂದದ್ದಕ್ಕಿಂತ ಒಂದು ತೂಕ ಮೇಲೇ ಇತ್ತು. ಬಾಯಿ ತಪ್ಪಿ ನಾನು ಹಾಗಂತ ಅಂದುಬಿಟ್ಟೆ. ಕ್ಲೀಟಸ್ ಹಲ್ಲು ಕಿರಿದು, "ಹಂದಿ ನಂದಲ್ವಾ," ಅಂದ. ಊಟ ಮುಗಿದ ಮೇಲೆ ವರ್ಲನ್ ಯಾರಿಗೂ ಹೇಳದೆ ಹಿತ್ತಲಿಗೆ ಹೋದವನು, ಕ್ಲೀಟಸ್‌ನ ಹಂದಿ ದೊಡ್ಡಿಯ ಬೇಲಿಗೆ ಎದೆಯೊತ್ತಿ ನಿಂತು, ಆ ಹಂದಿಗಳಿಗೆ ಏನು ತಿನ್ನಲು ಹಾಕುತ್ತಾನೆ ಅಂತ ತೊಟ್ಟಿಯೊಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದ.